ಹಿಂದಿನ ಸೀಟಿನಲ್ಲಿ ಕೂತು ಕಾರು ನೋಡಿ

ಇವತ್ತು ರಾಜಕೀಯ ಬೇಡ. ಆನವಟ್ಟಿಯಿಂದ ಒಬ್ಬ ವೀಕ್ಷಕರು ಒಂದು ಪ್ರಶ್ನೆ ಕಳಿಸಿದ್ದಾರೆ, ಅದನ್ನೇ ತಗೊಳ್ಳೋಣ. ಸೊರಬ ತಾಲ್ಲೂಕಿನ ಆನವಟ್ಟಿ. ಒಂದು ಕಡೆ ಹಾನಗಲ್ಲು, ಇನ್ನೊಂದು ಕಡೆ ಶಿರಾಳಕೊಪ್ಪ, ಮತ್ತೊಂದು ಕಡೆ ಬನವಾಸಿ. ಪಕ್ಕದಲ್ಲೇ ಕುಬಟೂರು, ಬಂಗಾರಪ್ಪನವರ ಊರು. ಪ್ರಶ್ನೆ ಹೀಗಿದೆ: "ಸರ್, ಮನೇಲಿ ಐದು ಜನ ಅದೀವಿ. ನಾನು, ಹೆಂಡ್ತಿ, ಎರಡು ಮಕ್ಕಳು, ವಯಸ್ಸಾದ ಅವ್ವ. ಸ್ವಲ್ಪ ಅಡಿಕೆ, ಸ್ವಲ್ಪ ಗೋವಿನಜೋಳ. ಹತ್ತು ಲಕ್ಷದೊಳಗೆ ಹಿಂದೆ ಡಿಕ್ಕಿ ಇರೋ ಕಾರು ತಗೋಬೇಕು ಅಂತ ಆಸೆ. ಎಲ್ಲರೂ ಎತ್ತರದ ಗಾಡಿ ತಗೋ ಅಂತಾರೆ. ಏನು ಮಾಡಲಿ?"

ಸುದ್ದಿ ವಾಚಿಸುವವನಿಗೆ ಕಾರಿನ ಪ್ರಶ್ನೆ ಯಾಕೆ ಅಂತ ನೀವು ಕೇಳಬಹುದು. ನನ್ನ ಉತ್ತರ ಇಷ್ಟೇ. ಮಧ್ಯಮ ವರ್ಗದ ಮನೆಯಲ್ಲಿ ಮನೆ ಕಟ್ಟೋದು, ಮಗಳ ಮದುವೆ, ಮಕ್ಕಳ ಓದು ಬಿಟ್ಟರೆ ಅತಿ ದೊಡ್ಡ ಖರ್ಚು ಕಾರು. ಆ ಕಾರಿನಲ್ಲಿ ಕೂರುವವರು ಮನೆಯವರೆಲ್ಲ. ದುಡ್ಡೂ ಒಂದೇ ಕಡೆ, ಜೀವವೂ ಒಂದೇ ಕಡೆ. ಇದಕ್ಕಿಂತ ದೊಡ್ಡ ಸುದ್ದಿ ಆ ಮನೆಗೆ ಇನ್ಯಾವುದಿದೆ?

ಕಾರು ನೋಡೋಕೆ ಶೋರೂಮಿಗೆ ಹೋದವರನ್ನ ಗಮನಿಸಿ. ಯಜಮಾನರು ನೇರವಾಗಿ ಸ್ಟೀರಿಂಗ್ ಮುಂದೆ ಕೂರ್ತಾರೆ. ಪರದೆ ಎಷ್ಟು ಇಂಚು, ಸನ್‌ರೂಫ್ ಇದೆಯಾ, ಮೈಲೇಜ್ ಎಷ್ಟು ಕೊಡುತ್ತೆ. ಮುಗೀತು ಪರೀಕ್ಷೆ. ಅವ್ವ ಹೊರಗೆ ಕುರ್ಚಿಯಲ್ಲಿ ಕೂತು ಕಾಫಿ ಕುಡೀತಿರ್ತಾರೆ. ಮುಂದಿನ ಹತ್ತು ವರ್ಷ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂರಬೇಕಾದವರು ಅವರು. ಅವರನ್ನು ಯಾರೂ ಕೇಳೋದಿಲ್ಲ. ನಾನು ಇವತ್ತು ಹೇಳಬೇಕಿರೋದು ಒಂದೇ ಮಾತು. ಕುಟುಂಬದ ಕಾರನ್ನು ಹಿಂದಿನ ಸೀಟಿನಿಂದ ಅಳೆಯಿರಿ.

ಮೊದಲು ಈ ಡಿಕ್ಕಿ ಕಾರಿನ ಕತೆ ಸ್ವಲ್ಪ ಗೊತ್ತಿರಲಿ. ನಮ್ಮಲ್ಲಿ ಕಾರು ಅಂದ್ರೆ ಒಂದು ಕಾಲಕ್ಕೆ ಡಿಕ್ಕಿ ಇರುವ ಕಾರೇ. ಅಂಬಾಸಡರ್ ಇತ್ತು, ಪ್ರೀಮಿಯರ್ ಪದ್ಮಿನಿ ಇತ್ತು. ಆಮೇಲೆ ಮಾರುತಿ ಎಸ್ಟೀಮ್, ಹೋಂಡಾ ಸಿಟಿ, ಹ್ಯುಂಡೈ ಆಕ್ಸೆಂಟ್ ಬಂದವು. ಡಿಕ್ಕಿ ಇದ್ದರೆ ಅದು ದೊಡ್ಡವರ ಕಾರು ಅನ್ನೋ ಮರ್ಯಾದೆ. 2006ರ ಕೇಂದ್ರ ಬಜೆಟ್‌ನಲ್ಲಿ ಒಂದು ಬದಲಾವಣೆ ಆಯ್ತು. ನಾಲ್ಕು ಮೀಟರಿಗಿಂತ ಕಡಿಮೆ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗೆ ಇರುವ ಕಾರಿಗೆ ಅಬಕಾರಿ ಸುಂಕ ಶೇ. 24ರಿಂದ 16ಕ್ಕೆ ಇಳೀತು. ಕಂಪನಿಗಳು ಏನು ಮಾಡಿದವು? ಕತ್ತರಿ ಹಿಡಿದವು.

ಸ್ವಿಫ್ಟ್ ಡಿಜೈರ್ ನೋಡಿ. 2008ರಲ್ಲಿ ಬಂದಾಗ ಅದರ ಉದ್ದ 4160 ಮಿಲಿಮೀಟರ್, ಡಿಕ್ಕಿ 440 ಲೀಟರ್. 2012ರಲ್ಲಿ ಹೊಸದು ಬಂತು, ಉದ್ದ 3995 ಮಿಲಿಮೀಟರ್. ಡಿಕ್ಕಿ 316 ಲೀಟರಿಗೆ ಇಳಿದುಬಿಡ್ತು. ತೆರಿಗೆ ಉಳೀತು, ಕಾರಿನ ಬೆನ್ನು ಮೊಂಡಾಯ್ತು. ಆದ್ರೂ ಜನ ಮುಗಿಬಿದ್ದು ತಗೊಂಡ್ರು. ಯಾಕೆಂದರೆ ಬೆಲೆ ಕೈಗೆಟುಕ್ತು. ಅಲ್ಲಿಂದ ನಮ್ಮ ದೇಶದಲ್ಲಿ ಡಿಕ್ಕಿ ಕಾರುಗಳು ಎರಡು ಪಂಗಡ ಆದವು.

ಒಂದು, ನಾಲ್ಕು ಮೀಟರ್ ಒಳಗಿನವು: ಡಿಜೈರ್, ಹೋಂಡಾ ಅಮೇಜ್, ಹ್ಯುಂಡೈ ಔರಾ, ಟಾಟಾ ಟಿಗೋರ್. ಎರಡು, ನಿಜವಾಗಿ ಮಧ್ಯಮ ಗಾತ್ರದವು: ಹೋಂಡಾ ಸಿಟಿ, ಹ್ಯುಂಡೈ ವರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್. 2014ರಲ್ಲಿ ಬಂದ ಮಾರುತಿ ಸಿಯಾಜ್ ಕೂಡ ಈ ಎರಡನೇ ಪಂಗಡದಲ್ಲೇ ಇತ್ತು. 2025ರಲ್ಲಿ ಅದನ್ನ ನಿಲ್ಲಿಸಿದರು. ಮೊದಲ ಪಂಗಡ ಹತ್ತು ಲಕ್ಷದ ಹತ್ತಿರ ಹೋಗುತ್ತೆ. ಎರಡನೇ ಪಂಗಡ ಹತ್ತು ಲಕ್ಷದ ಆಸುಪಾಸಿನಲ್ಲೇ ಶುರುವಾಗುತ್ತೆ. ಇವೆಲ್ಲ ಶೋರೂಮ್ ಬೆಲೆ, ರಸ್ತೆಗೆ ಇಳಿಯುವ ಬೆಲೆ ಬೇರೆ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ಸಣ್ಣ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ. 29 ಇದ್ದದ್ದು 18ಕ್ಕೆ ಬಂತು. ಮಧ್ಯಮ ಗಾತ್ರದ್ದಕ್ಕೆ ಶೇ. 45 ಇದ್ದದ್ದು 40 ಆಯ್ತು. ಅಂದ್ರೆ ಎರಡಕ್ಕೂ ಇಳಿದಿದೆ, ಆದರೆ ಸಣ್ಣದಕ್ಕೆ ಹೆಚ್ಚು ಇಳಿದಿದೆ. ಎರಡು ಪಂಗಡದ ನಡುವಿನ ಗೋಡೆ ಇನ್ನಷ್ಟು ಎತ್ತರ ಆಗಿದೆ.

ಇದರ ಮೇಲೆ ನಮ್ಮ ರಾಜ್ಯದ ಗೋಡೆ ಒಂದಿದೆ. ಕರ್ನಾಟಕದಲ್ಲಿ ಕಾರಿಗೆ ಜೀವಿತಾವಧಿ ತೆರಿಗೆ. ಐದರಿಂದ ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ. 14, ಹತ್ತರಿಂದ ಇಪ್ಪತ್ತು ಲಕ್ಷಕ್ಕೆ ಶೇ. 17. ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಈಗ ಲೆಕ್ಕ ಹಾಕಿ. 9 ಲಕ್ಷ 90 ಸಾವಿರದ ಕಾರಿಗೆ ತೆರಿಗೆ ಸುಮಾರು 1 ಲಕ್ಷ 54 ಸಾವಿರ. 10 ಲಕ್ಷ 10 ಸಾವಿರದ ಕಾರಿಗೆ ಸುಮಾರು 1 ಲಕ್ಷ 90 ಸಾವಿರ. ಬೆಲೆಯಲ್ಲಿ ಇಪ್ಪತ್ತು ಸಾವಿರ ಜಾಸ್ತಿ, ತೆರಿಗೆಯಲ್ಲೇ ಮೂವತ್ತಾರು ಸಾವಿರಕ್ಕೂ ಮೇಲೆ ಜಾಸ್ತಿ. "ಇನ್ನೊಂದ್ ಇಪ್ಪತ್ತು ಸಾವಿರ ಹಾಕಿ ಸರ್, ಟಾಪ್ ಎಂಡ್ ಬರುತ್ತೆ" ಅಂತ ಸೇಲ್ಸ್‌ನವರು ಹೇಳಿದಾಗ ಈ ಲೆಕ್ಕ ನಿಮ್ಮ ಜೇಬಿನಲ್ಲಿರಲಿ.

ಇನ್ನು ನಮ್ಮದೇ ರಾಜ್ಯದ ಒಂದು ಕಾರಿನ ಕತೆ ಹೇಳ್ತೀನಿ. ಹಿಂದಿನ ಸೀಟು ಅಂತ ನಾನು ಯಾಕೆ ಒತ್ತಿ ಹೇಳ್ತಿದ್ದೀನಿ ಅನ್ನೋದು ಇದರಿಂದ ಗೊತ್ತಾಗುತ್ತೆ. ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಇದೆ. 2010ರ ಡಿಸೆಂಬರ್‌ನಲ್ಲಿ ಅಲ್ಲಿಂದ ಎಟಿಯೋಸ್ ಅನ್ನೋ ಸೆಡಾನ್ ಬಂತು. ಭಾರತಕ್ಕೆ ಅಂತಲೇ ಮಾಡಿದ ಕಾರು. ಡಿಕ್ಕಿ ಎಷ್ಟು ಗೊತ್ತಾ? 595 ಲೀಟರ್. ಹಿಂದೆ ಕಾಲಿಡುವ ಜಾಗದ ನೆಲ ಹೆಚ್ಚು ಕಡಿಮೆ ಸಮತಟ್ಟು. ನಡುವೆ ಕೂತವನಿಗೂ ಕಾಲಿಗೆ ಉಬ್ಬು ಸಿಗ್ತಿರಲಿಲ್ಲ. ನೋಡೋಕೆ ಮಾತ್ರ ಸಾದಾ. ಮೀಟರ್ ಡ್ಯಾಶ್‌ಬೋರ್ಡಿನ ನಡುವೆ. ಒಳಗೆ ಮಿರಿಮಿರಿ ಮಿಂಚೋದು ಏನೂ ಇಲ್ಲ.

ಆ ಕಾರನ್ನು ಮೆಚ್ಚಿ ಎತ್ತಿಕೊಂಡವರು ಯಾರು? ಟ್ಯಾಕ್ಸಿಯವರು. ಬೆಂಗಳೂರಿನ ವಿಮಾನ ನಿಲ್ದಾಣದ ದಾರಿಯಲ್ಲಿ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಎಟಿಯೋಸ್. ಟ್ಯಾಕ್ಸಿಯವರ ಲೆಕ್ಕ ಸರಳ. ಹಿಂದೆ ಕೂತವರು ಆರಾಮಾಗಿ ಕೂರಬೇಕು, ಸಾಮಾನು ಹಿಡಿಸಬೇಕು, ಗಾಡಿ ಕೈ ಕೊಡಬಾರದು. ಮನೆಯವರು ಏನಂದ್ರು? "ಅಯ್ಯೋ, ಟ್ಯಾಕ್ಸಿ ಥರ ಕಾಣುತ್ತೆ" ಅಂದ್ರು. 2020ರಲ್ಲಿ ಬಿಎಸ್-6 ನಿಯಮ ಬಂದಾಗ ಎಟಿಯೋಸ್ ಮಾರುಕಟ್ಟೆಯಿಂದ ಹೋಯ್ತು. ನಾನು ಇದರಲ್ಲಿ ಒಂದು ಪಾಠ ನೋಡ್ತೀನಿ. ಹಿಂದಿನ ಸೀಟಿನವರಿಂದಲೇ ಹೊಟ್ಟೆ ಹೊರೆಯುವವನು ಕಾರನ್ನು ಹಿಂದಿನಿಂದ ಅಳೆದ. ಹಿಂದಿನ ಸೀಟಿನಲ್ಲಿ ಸ್ವಂತ ತಾಯಿಯನ್ನೇ ಕೂರಿಸುವವನು ಎದುರು ಮನೆಯವರ ಕಣ್ಣಿನಿಂದ ಅಳೆದ. ಇಬ್ಬರಲ್ಲಿ ಯಾರ ಲೆಕ್ಕ ಸರಿ ಅಂತ ನೀವೇ ಹೇಳಿ.

ಈಗ ಆನವಟ್ಟಿಗೆ ಬರೋಣ. ಆ ಮನೆಯ ಕಾರು ಎಲ್ಲೆಲ್ಲಿ ಓಡಬೇಕು? ಸಂತೆಗೆ, ಸೊರಬದ ಕಚೇರಿಗೆ, ಶಿಕಾರಿಪುರಕ್ಕೆ. ಮದುವೆ ಮುಂಜಿಗೆ ಹಾನಗಲ್ಲಿನ ಕಡೆ. ದೇವರಿಗೆ ಚಂದ್ರಗುತ್ತಿ, ಸಿಗಂದೂರು. ಸಿಗಂದೂರಿಗೆ ಮೊದಲು ಲಾಂಚ್ ಕಾಯಬೇಕಿತ್ತು, 2025ರ ಜುಲೈನಿಂದ ಸೇತುವೆ ಆಗಿದೆ. ಅವ್ವನಿಗೆ ಹುಷಾರಿಲ್ಲ ಅಂದ್ರೆ ಶಿವಮೊಗ್ಗ, ಹುಬ್ಬಳ್ಳಿ, ಕೆಲವೊಮ್ಮೆ ಮಣಿಪಾಲ. ಕೊನೆಗೆ ಮುಖ್ಯವಾದದ್ದು, ದಿನಾ ಓಡುವ ದಾರಿ: ಡಾಂಬರು ರಸ್ತೆಯಿಂದ ಮನೆಯವರೆಗಿನ ಮಣ್ಣಿನ ದಾರಿ. ಮಲೆನಾಡಿನ ಸೆರಗಿನ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿ ಹೇಗಿರುತ್ತೆ ಅನ್ನೋದು ಬೆಂಗಳೂರಿನಲ್ಲಿ ಕೂತು ಕಾರು ವಿಮರ್ಶೆ ಮಾಡುವವರಿಗೆ ಗೊತ್ತಿರಲ್ಲ.

ಮೊದಲ ಪರೀಕ್ಷೆ ಇಲ್ಲೇ ಆಗಬೇಕು. ಕಾರಿನ ಹೊಟ್ಟೆ ಮತ್ತು ನೆಲದ ನಡುವಿನ ಅಂತರ ಕಾಗದದಲ್ಲಿ ಬರೆದಿರುತ್ತೆ. ಡಿಜೈರ್‌ಗೆ 163 ಮಿಲಿಮೀಟರ್, ಅಮೇಜ್‌ಗೆ 172, ಸ್ಲಾವಿಯಾ ಮತ್ತು ವರ್ಟಸ್‌ಗೆ 179. ಆದರೆ ಇಂಥ ಅಂಕಿ ಸಾಮಾನ್ಯವಾಗಿ ಖಾಲಿ ಕಾರಿನದ್ದು. ಐದು ಜನ ಕೂತು, ಡಿಕ್ಕಿಯಲ್ಲಿ ಒಂದು ಚೀಲ ಅಕ್ಕಿ, ನಾಲ್ಕು ತೆಂಗಿನಕಾಯಿ, ಎರಡು ಬ್ಯಾಗು ಬಿದ್ದರೆ ಹಿಂಭಾಗ ಕುಸಿಯುತ್ತೆ. ಇನ್ನೊಂದು ವಿಷಯ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ದೂರ ಹೆಚ್ಚಿದ್ದಷ್ಟೂ ಹಂಪಿನ ಮೇಲೆ ಹೊಟ್ಟೆ ತಾಗೋದು ಜಾಸ್ತಿ. ಡಿಜೈರ್‌ನಲ್ಲಿ ಆ ದೂರ 2450 ಮಿಲಿಮೀಟರ್, ಸ್ಲಾವಿಯಾದಲ್ಲಿ 2651. ಹಾಗಾಗಿ 179 ಅನ್ನೋದು 163ಕ್ಕಿಂತ ದೊಡ್ಡ ಸಂಖ್ಯೆ ಆದರೂ ನಿಮ್ಮೂರ ಹಂಪಿನ ಮೇಲೆ ವ್ಯತ್ಯಾಸ ಅಷ್ಟು ದೊಡ್ಡದಾಗಿ ಕಾಣಲ್ಲ.

ಅದಕ್ಕೇ ಹೇಳ್ತೀನಿ, ಟೆಸ್ಟ್ ಡ್ರೈವ್ ಅಂದ್ರೆ ಶೋರೂಮ್ ಮುಂದಿನ ನಯವಾದ ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋಗಿ ಬರೋದಲ್ಲ. ಮನೆ ಮಂದಿಯನ್ನೆಲ್ಲ ಕೂರಿಸಿಕೊಳ್ಳಿ. ನಿಮಗೆ ಗೊತ್ತಿರುವ ಅತಿ ಕೆಟ್ಟ ಹಂಪಿನ ಮೇಲೆ, ನಿಮ್ಮ ಮನೆಯ ದಾರಿಯಲ್ಲಿ ಓಡಿಸಿ. ಕೆಲವರು ಅಷ್ಟು ದೂರ ಗಾಡಿ ಕೊಡಲ್ಲ. ಪರವಾಗಿಲ್ಲ, ಅದೇ ಕಾರು ಇರುವ ನೆಂಟರನ್ನ ಒಂದು ಭಾನುವಾರ ಊಟಕ್ಕೆ ಕರೀರಿ. ಅವರ ಕಾರಿನಲ್ಲಿ ಎಲ್ಲರೂ ಕೂತು ತೋಟದವರೆಗೆ ಹೋಗಿ ಬನ್ನಿ. ತಳ ಕೆರೆಯುವ ಸದ್ದು ಬಂದರೆ ಉತ್ತರ ಸಿಕ್ಕಿತು. ಆ ದಾರಿಗೆ ಸೆಡಾನ್ ಬೇಡ, ಎತ್ತರದ ಗಾಡಿಯೇ ಸರಿ. ಇದರಲ್ಲಿ ಹಠ ಏನೂ ಬೇಡ.

ಸದ್ದು ಬರಲಿಲ್ಲ ಅಂದ್ರೆ? ಆಗ ಸೆಡಾನಿಗೆ ದೊಡ್ಡ ಅನುಕೂಲಗಳಿವೆ. ತಗ್ಗಾಗಿರುವ ಕಾರು ತಿರುವಿನಲ್ಲಿ ಓಲಾಡೋದು ಕಡಿಮೆ. ಘಟ್ಟ ಇಳಿಯುವಾಗ ಹಿಂದೆ ಕೂತ ಮಕ್ಕಳಿಗೆ ವಾಂತಿ ಬರೋದೂ ಕಡಿಮೆ, ಇದು ತಾಯಂದಿರಿಗೆ ಚೆನ್ನಾಗಿ ಗೊತ್ತು. ಡಿಕ್ಕಿ ಬೇರೆಯೇ ಇರೋದ್ರಿಂದ ಮಾವಿನ ಹಣ್ಣಿನ ವಾಸನೆ, ಗೊಬ್ಬರದ ವಾಸನೆ ಒಳಗೆ ಬರಲ್ಲ. ಮುಖ್ಯವಾಗಿ, ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಹಿಂದಿನ ಸಾಮಾನು ಹಾರಿ ಬಂದು ತಲೆಗೆ ಬಡಿಯಲ್ಲ.

ಎರಡನೇ ಪರೀಕ್ಷೆ ಅವ್ವಂದು. ಸೆಡಾನಿನ ಸೀಟು ತಗ್ಗು. ಮಂಡಿ ನೋವಿರುವವರು ಕೂರುವಾಗ ಇಳಿದು ಕೂರಬೇಕು, ಏಳುವಾಗ ಕೈಯೂರಿ ಏಳಬೇಕು. ಬಾಗಿಲ ಮೇಲಿನ ಚೌಕಟ್ಟಿಗೆ ತಲೆ ತಾಗುತ್ತೆ. ಹಾಗಾಗಿ ಅವರನ್ನ ಶೋರೂಮಿಗೆ ಕರ್ಕೊಂಡು ಹೋಗಿ. ಸೀರೆ ಉಟ್ಟುಕೊಂಡೇ, ಯಾರ ಕೈಯೂ ಹಿಡಿಯದೆ, ಮೂರು ಸಲ ಹತ್ತಿ ಇಳಿಯಲಿ. ಮೂರನೇ ಸಲ ಮುಖ ಹೇಗಿದೆ ನೋಡಿ. ಆಮೇಲೆ ಹತ್ತು ನಿಮಿಷ ಒಳಗೇ ಕೂರಲಿ. ತೊಡೆಗೆ ಸೀಟಿನ ಆಸರೆ ಸಿಗುತ್ತಾ? ಹಿಂದೆ ಗಾಳಿ ಬರುವ ಏಸಿ ಕಿಂಡಿ ಇದೆಯಾ? ಪಕ್ಕದಲ್ಲಿ ಎರಡು ಮಕ್ಕಳು ಕೂತರೆ ಭುಜ ಹಿಡಿಸುತ್ತಾ? ನಾಲ್ಕು ಮೀಟರ್ ಒಳಗಿನ ಕಾರಿನಲ್ಲಿ ಹಿಂದೆ ಇಬ್ಬರು ದೊಡ್ಡವರು ಮತ್ತು ಒಂದು ಮಗು ಅಂದ್ರೆ ಸರಿ. ಮೂವರು ದೊಡ್ಡವರು ಹುಬ್ಬಳ್ಳಿವರೆಗೆ ಅಂದ್ರೆ ಕಷ್ಟ.

ಡಿಕ್ಕಿಯ ಲೆಕ್ಕವನ್ನೂ ಇಲ್ಲೇ ಮುಗಿಸೋಣ. ಈಗಿನ ಡಿಜೈರ್‌ನಲ್ಲಿ 382 ಲೀಟರ್, ಅಮೇಜ್‌ನಲ್ಲಿ 416, ಸ್ಲಾವಿಯಾ, ವರ್ಟಸ್‌ನಲ್ಲಿ 521, ವರ್ನಾದಲ್ಲಿ 528. ಸಿಎನ್‌ಜಿ ತಗೊಳ್ಳೋರು ಎಚ್ಚರ. ಸಿಲಿಂಡರ್ ಕೂರೋದು ಡಿಕ್ಕಿಯಲ್ಲೇ. ಟಿಗೋರ್‌ನಂಥ ಕಾರಿನಲ್ಲಿ ಒಂದರ ಬದಲು ಎರಡು ಸಣ್ಣ ಸಿಲಿಂಡರ್ ಇಟ್ಟು ಸ್ವಲ್ಪ ಜಾಗ ಉಳಿಸಿದ್ದಾರೆ. ಅದಕ್ಕಿಂತ ಮೊದಲು, ನಿಮ್ಮ ಮನೆಗೆ ಹತ್ತಿರದ ಸಿಎನ್‌ಜಿ ಬಂಕ್ ಎಲ್ಲಿದೆ, ಅಲ್ಲಿ ಸಾಲು ಎಷ್ಟಿರುತ್ತೆ ನೋಡಿಕೊಳ್ಳಿ.

ಮೂರನೇ ಪರೀಕ್ಷೆ ಜೇಬಿಂದು. ನಮ್ಮ ಜನ ಮೈಲೇಜಿಗೆ ಕೊಡುವ ಮರ್ಯಾದೆಯನ್ನ ಬಡ್ಡಿಗೆ ಕೊಡಲ್ಲ. ಕಂಪನಿ ಹೇಳುವ ಮೈಲೇಜ್ ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ ಓಡಿಸಿ ಅಳೆದದ್ದು. ಹೊಸ ಡಿಜೈರ್‌ಗೆ 24.79 ಅಂತಾರೆ, ಅಮೇಜ್‌ಗೆ 18.65 ಅಂತಾರೆ. ಏಸಿ ಹಾಕಿ, ಐದು ಜನ ಕೂತು, ಹಂಪಿಗೊಮ್ಮೆ ಗೇರ್ ಬದಲಿಸುವಾಗ ಅದು ಸಿಗಲ್ಲ. ಇರ್ಲಿ. ವರ್ಷಕ್ಕೆ 9 ಸಾವಿರ ಕಿಲೋಮೀಟರ್ ಓಡ್ತೀರಿ ಅಂದ್ಕೊಳ್ಳಿ. ಲೆಕ್ಕ ಸುಲಭ ಆಗಲಿ ಅಂತ ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಇಟ್ಕೊಳ್ಳೋಣ. 15 ಕಿಲೋಮೀಟರ್ ಕೊಡುವ ಕಾರಿಗೆ ವರ್ಷಕ್ಕೆ 60 ಸಾವಿರ. 18 ಕೊಡುವ ಕಾರಿಗೆ 50 ಸಾವಿರ. ವ್ಯತ್ಯಾಸ ತಿಂಗಳಿಗೆ ಎಂಟುನೂರು ಚಿಲ್ಲರೆ.

ಈಗ ಸಾಲ ನೋಡಿ. ಏಳು ಲಕ್ಷ ಸಾಲ, ಶೇ. 9.5 ಬಡ್ಡಿ ಅಂದ್ಕೊಳ್ಳಿ. ಐದು ವರ್ಷಕ್ಕೆ ತೀರಿಸಿದರೆ ತಿಂಗಳ ಕಂತು ಸುಮಾರು 14,700. ಏಳು ವರ್ಷಕ್ಕೆ ಎಳೆದರೆ ಸುಮಾರು 11,440. ಕಂತು ಕಡಿಮೆ ಆಯ್ತು ಅಂತ ಖುಷಿ ಪಡಬೇಡಿ. ಐದು ವರ್ಷದಲ್ಲಿ ಬಡ್ಡಿ 1 ಲಕ್ಷ 82 ಸಾವಿರ, ಏಳು ವರ್ಷದಲ್ಲಿ 2 ಲಕ್ಷ 61 ಸಾವಿರ. ಹೆಚ್ಚುವರಿ 79 ಸಾವಿರ. ಅಷ್ಟು ದುಡ್ಡನ್ನ ಮೈಲೇಜಿನಲ್ಲಿ ಉಳಿಸಬೇಕು ಅಂದ್ರೆ ಎಂಟು ವರ್ಷ ಬೇಕು.

ಇದಕ್ಕಿಂತ ದೊಡ್ಡ ವಿಷಯ, ರೈತನ ಮನೆಗೆ ತಿಂಗಳ ಸಂಬಳ ಬರಲ್ಲ. ಅಡಿಕೆ ಕೊಯ್ಲಾಗಿ, ಬೆಂದು ಒಣಗಿ, ಮಂಡಿಗೆ ಹೋದಾಗ ದುಡ್ಡು. ಗೋವಿನಜೋಳ ವರ್ಷಕ್ಕೊಂದು ಸಲ. ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಖು ಬಾಗಿಲು ತಟ್ಟುತ್ತೆ. ಮಳೆ ಹೆಚ್ಚಾಗಿ ಕೊಳೆರೋಗ ಬಂತು ಅಂತ ಬ್ಯಾಂಕಿನ ಕಂಪ್ಯೂಟರಿಗೆ ಗೊತ್ತಾಗಲ್ಲ. ಅದಕ್ಕೆ ಬ್ಯಾಂಕಿನವರನ್ನ ಮೊದಲೇ ಕೇಳಿ: ಕೃಷಿಕರಿಗೆ ಆರು ತಿಂಗಳಿಗೊಮ್ಮೆ ಕಂತು ಕಟ್ಟುವ ವ್ಯವಸ್ಥೆ ಕಾರು ಸಾಲಕ್ಕೆ ಇದೆಯಾ ಅಂತ. ಇಲ್ಲ ಅಂದ್ರೆ ಆರು ಕಂತಿನಷ್ಟು ದುಡ್ಡನ್ನ ಪಕ್ಕಕ್ಕೆ ಇಟ್ಟು, ಆಮೇಲೆ ಉಳಿದದ್ದರಲ್ಲಿ ಕಾರು ನೋಡಿ. ಇಡೋಕೆ ಆಗಲ್ಲ ಅಂದ್ರೆ ಆ ಕಾರು ನಿಮ್ಮ ಅಳತೆಯದ್ದಲ್ಲ. ಅದಕ್ಕಿಂತ ಸಣ್ಣದು ನೋಡಿ.

ಸರ್ವೀಸ್ ಕೂಡ ಜೇಬಿನ ವಿಷಯವೇ. ಸರ್ವೀಸ್ ಸೆಂಟರ್ ಶಿವಮೊಗ್ಗದಲ್ಲಿದೆಯೋ, ಹಾವೇರಿಯಲ್ಲಿದೆಯೋ, ಸಾಗರದಲ್ಲಿದೆಯೋ? ಹೋಗಿ ಬರೋಕೆ ಒಂದು ದಿನದ ಕೆಲಸ ಕೆಡುತ್ತೆ. ಬಂಪರ್, ಹೆಡ್‌ಲೈಟ್, ಪಕ್ಕದ ಕನ್ನಡಿ, ಈ ಮೂರರ ಬೆಲೆ ಕೇಳಿ ಬರೆದಿಟ್ಟುಕೊಳ್ಳಿ. ಹಳ್ಳಿ ದಾರಿಯಲ್ಲಿ ಮೊದಲು ಹೋಗೋದು ಅವೇ. ಶಿರಾಳಕೊಪ್ಪದಲ್ಲೋ ಶಿಕಾರಿಪುರದಲ್ಲೋ ನಿಮಗೆ ಗೊತ್ತಿರುವ ಮೆಕ್ಯಾನಿಕ್ ಇದ್ದರೆ ಒಂದು ಚಹಾ ಕುಡಿಸಿ. ಯಾವ ಕಾರು ತನ್ನ ಹತ್ತಿರ ಪದೇ ಪದೇ ಬರುತ್ತೆ ಅಂತ ಅವರು ಐದು ನಿಮಿಷದಲ್ಲಿ ಹೇಳ್ತಾರೆ.

ನಾಲ್ಕನೇ ಪರೀಕ್ಷೆ ಜೀವದ್ದು. ಇದನ್ನ ಕೊನೆಗೆ ಇಟ್ಟುಕೊಂಡದ್ದು ಬೇಕಂತಲೇ, ಮನಸ್ಸಿನಲ್ಲಿ ಉಳೀಲಿ ಅಂತ.

ಈಗ ಎಲ್ಲರೂ ಸ್ಟಾರ್ ಬಗ್ಗೆ ಮಾತಾಡ್ತಾರೆ. ಒಳ್ಳೇದೇ. 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಸಿಎಪಿ ಶುರುವಾಗಿದೆ. ಅದಕ್ಕೂ ಮೊದಲಿಂದ ಗ್ಲೋಬಲ್ ಎನ್‌ಸಿಎಪಿ ಇದೆ. ಸ್ಲಾವಿಯಾ, ವರ್ಟಸ್, ವರ್ನಾ ಮೂರೂ 2023ರಲ್ಲಿ ಗ್ಲೋಬಲ್ ಪರೀಕ್ಷೆಯಲ್ಲಿ ಐದು ಸ್ಟಾರ್ ತಗೊಂಡವು. 2024ರ ನವೆಂಬರ್‌ನಲ್ಲಿ ಹೊಸ ಡಿಜೈರ್ ದೊಡ್ಡವರ ಸುರಕ್ಷತೆಗೆ ಐದು, ಮಕ್ಕಳ ಸುರಕ್ಷತೆಗೆ ನಾಲ್ಕು ಸ್ಟಾರ್ ತಗೊಂಡಿತು. ಅಂದ್ರೆ ಹತ್ತು ಲಕ್ಷದೊಳಗೂ ಗಟ್ಟಿ ಕಾರು ಸಿಗುತ್ತೆ. ಇದು ಹತ್ತು ವರ್ಷದ ಹಿಂದೆ ಕನಸು.

ಆದರೆ ಆ ಸ್ಟಾರ್ ಹೇಗೆ ಕೊಡ್ತಾರೆ ಅಂತ ಗೊತ್ತಿರಲಿ. ಮುಂಭಾಗದ ಡಿಕ್ಕಿ ಪರೀಕ್ಷೆ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ. ಒಳಗೆ ಕೂತ ಗೊಂಬೆಗಳು ಬೆಲ್ಟ್ ಹಾಕ್ಕೊಂಡಿರುತ್ತವೆ. ಮಕ್ಕಳ ಗೊಂಬೆಗಳು ಮಕ್ಕಳ ಸೀಟಿನಲ್ಲಿರುತ್ತವೆ. ಬೆಲ್ಟ್ ಹಾಕದೆ ಕೂತವರಿಗೆ ಆ ಐದು ಸ್ಟಾರ್ ಆಕಾಶದ ನಕ್ಷತ್ರದಷ್ಟೇ ದೂರ.

2022ರ ಸೆಪ್ಟೆಂಬರ್ 4 ನೆನಪಿದೆಯಾ? ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡ ದಿನ. ಕಾರು ಕೋಟ್ಯಂತರ ಜನ ಮುಟ್ಟಲೂ ಆಗದಂಥ ದುಬಾರಿ ಕಾರು. ಮುಂದೆ ಕೂತ ಇಬ್ಬರು ಬದುಕಿದರು. ಹಿಂದೆ ಕೂತ ಇಬ್ಬರೂ ಹೋದರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ದುಡ್ಡು ಬದುಕಿಸಲಿಲ್ಲ ಸ್ವಾಮಿ. ಎರಡಿಂಚು ಅಗಲದ ಪಟ್ಟಿ ಬದುಕಿಸಬಹುದಿತ್ತು.

ಐವತ್ತು ಕಿಲೋಮೀಟರ್ ವೇಗದಲ್ಲಿ ಹೋಗ್ತಿರೋ ಕಾರು ಗೋಡೆಗೆ ಗುದ್ದಿ ನಿಂತರೆ, ಬೆಲ್ಟ್ ಇಲ್ಲದವನಿಗೆ ಆಗುವ ಪೆಟ್ಟು ಮೂರನೇ ಮಹಡಿಯಿಂದ ಬಿದ್ದಷ್ಟು. ಐವತ್ತು ಅಂದ್ರೆ ಏನು ಮಹಾ ವೇಗ? ಆನವಟ್ಟಿಯಿಂದ ಶಿರಾಳಕೊಪ್ಪಕ್ಕೆ ಹೋಗುವಾಗಿನ ವೇಗ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು ಅನ್ನೋದು ಕಾನೂನಿನಲ್ಲೂ ಇದೆ, ಹಾಕದಿದ್ದರೆ ಸಾವಿರ ರೂಪಾಯಿ ದಂಡ. ಆದರೆ ದಂಡಕ್ಕೆ ಹೆದರಿ ಹಾಕುವ ವಿಷಯ ಅಲ್ಲ ಇದು.

ನಾನು ಮದುವೆ ಮನೆಗಳ ಮುಂದೆ ನಿಂತ ಕಾರುಗಳ ಒಳಗೆ ಇಣುಕಿ ನೋಡೋದುಂಟು. ಏನು ಕಾಣುತ್ತೆ ಗೊತ್ತಾ? ಹೊಸ ಕಾರಿಗೆ ದಪ್ಪನೆಯ ಸೀಟ್ ಕವರ್ ಹಾಕಿಸಿರ್ತಾರೆ. ಹಿಂದಿನ ಬೆಲ್ಟಿನ ಕೊಂಡಿಗಳು ಆ ಕವರಿನ ಅಡಿಯಲ್ಲಿ ಹೂತುಹೋಗಿರುತ್ತವೆ. ಹುಡುಕಿದರೂ ಸಿಗಲ್ಲ. ಸೀಟಿನ ಪಕ್ಕದಿಂದ ಏರ್‌ಬ್ಯಾಗ್ ಬರುವ ಕಾರಿಗೂ ಅದೇ ಕವರ್, ಹೊಲಿಗೆ ಬಿಚ್ಚದ ಕವರ್. ಏರ್‌ಬ್ಯಾಗ್ ಎಲ್ಲಿಂದ ಬರಬೇಕು? ಮುಂದೆ ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗ್ ಅಂತ ಬರೆದಿರುವ ಜಾಗದಲ್ಲೇ ಕಲ್ಲಿನ ಗಣಪತಿಯನ್ನ ಅಂಟಿಸಿರ್ತಾರೆ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಆ ಗಣಪತಿ ಕಲ್ಲಿನಂತೆ ಹಾರಿ ಬರುತ್ತೆ. ದೇವರ ಫೋಟೋ ಇಡಿ, ಬೇಡ ಅನ್ನಲ್ಲ. ಹಗುರಾಗಿರಲಿ, ಏರ್‌ಬ್ಯಾಗ್ ಇಲ್ಲದ ಕಡೆ ಇರಲಿ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸೋದನ್ನ ಕೇಂದ್ರ ಸಾರಿಗೆ ಇಲಾಖೆ 2017ರಲ್ಲೇ ಬೇಡ ಅಂದಿದೆ. ಐದು ಸ್ಟಾರ್ ಕೊಟ್ಟು ತಂದ ಕಾರಿನಿಂದ ಎರಡು ಸ್ಟಾರನ್ನ ನಾವೇ ಅಂಗಡಿಯಲ್ಲಿ ಕಿತ್ತು ಹಾಕಿ ಬರ್ತೀವಿ.

ಹಾಗಾಗಿ ಕಾರು ನೋಡುವಾಗ ಹಿಂದೆ ಕೂತು ಮೂರೂ ಬೆಲ್ಟ್ ಎಳೆದು ಹಾಕಿ ನೋಡಿ. ನಡುವಿನ ಸೀಟಿಗೂ ಭುಜದ ಮೇಲಿಂದ ಬರುವ ಬೆಲ್ಟ್ ಇದೆಯಾ, ತಲೆಗೆ ಆಸರೆ ಇದೆಯಾ ನೋಡಿ. ಮಕ್ಕಳ ಸೀಟು ಕೊಂಡಿ ಹಾಕುವ ಐಸೋಫಿಕ್ಸ್ ಜಾಗ ಕೈಯಿಟ್ಟು ಮುಟ್ಟಿ ನೋಡಿ. ಅವ್ವ ಬೆಲ್ಟ್ ಹಾಕೋಕೆ "ಉಸಿರು ಕಟ್ಟುತ್ತೆ" ಅಂತಾರೆ. ಎರಡು ದಿನ ಹಾಗೇ ಅನ್ಸುತ್ತೆ, ಮೂರನೇ ದಿನ ಮರೆತುಹೋಗುತ್ತೆ. ಮಕ್ಕಳನ್ನ ಕೇಳಿ, ಅವರೇ ಅಜ್ಜಿಗೆ ಹಾಕಿಸ್ತಾರೆ.

ಈಗ ಆನವಟ್ಟಿಯ ಯಜಮಾನರಿಗೆ ನೇರ ಉತ್ತರ. ದೇಶದಲ್ಲಿ ಮಾರಾಟವಾಗುವ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಎತ್ತರದ ಗಾಡಿಗಳೇ. ಎಲ್ಲರೂ ತಗೊಳ್ತಾರೆ ಅನ್ನೋದು ನೀವು ತಗೊಳ್ಳೋಕೆ ಕಾರಣ ಆಗಬಾರದು. ನಿಮ್ಮ ಮನೆಯ ದಾರಿಯಲ್ಲಿ ತುಂಬಿದ ಕಾರಿನ ತಳ ತಾಗಲಿಲ್ಲ, ಅವ್ವನಿಗೆ ಹತ್ತಿ ಇಳಿಯೋಕೆ ಆಯ್ತು ಅಂದ್ರೆ, ನಾಲ್ಕು ಮೀಟರ್ ಒಳಗಿನ ಸೆಡಾನ್ ನಿಮಗೆ ಸರಿ. ಅದರಲ್ಲೂ ಟಾಪ್ ಎಂಡ್ ಬೇಡ, ತೀರಾ ಕೆಳಗಿನದ್ದೂ ಬೇಡ. ಆರು ಏರ್‌ಬ್ಯಾಗ್, ಹಿಂದೆ ಮೂರು ಒಳ್ಳೆ ಬೆಲ್ಟ್, ಹಿಂದೆ ಏಸಿ ಕಿಂಡಿ ಇರುವ ನಡುವಿನ ಮಾದರಿ ಸಾಕು. ಸನ್‌ರೂಫಿಗೆ ಕೊಡುವ ದುಡ್ಡಲ್ಲಿ ಒಂದು ಮಕ್ಕಳ ಸೀಟು ತನ್ನಿ. ರಸ್ತೆಗಿಳಿಯುವ ಬೆಲೆ ಹತ್ತು ಲಕ್ಷ ದಾಟದಂತೆ ನೋಡಿಕೊಳ್ಳಿ. ಅಂದ್ರೆ ಶೋರೂಮ್ ಬೆಲೆ ಎಂಟು, ಎಂಟೂಕಾಲು ಲಕ್ಷದೊಳಗೆ ಇರಬೇಕು.

ಮಧ್ಯಮ ಗಾತ್ರದ ದೊಡ್ಡ ಸೆಡಾನ್ ಆಸೆ ಇದ್ದರೆ, ಹಿಂದೆ ಮೂವರು ದೊಡ್ಡವರು ದಿನಾ ಕೂರ್ತಾರೆ ಅಂದ್ರೆ ಮಾತ್ರ ಅದಕ್ಕೆ ಕೈ ಹಾಕಿ. ಹಳೆಯದು ನೋಡ್ತೀರಿ ಅಂದ್ರೆ ಸರ್ವೀಸ್ ದಾಖಲೆ ಪೂರ್ತಿ ಕೇಳಿ, ನೀರಿನಲ್ಲಿ ಮುಳುಗಿದ್ದಾ ಅಂತ ಕಾರ್ಪೆಟ್ ಎತ್ತಿ ನೋಡಿ, ಏರ್‌ಬ್ಯಾಗ್ ಒಮ್ಮೆ ಬಿಚ್ಚಿಕೊಂಡದ್ದಾ ಅಂತ ಮೆಕ್ಯಾನಿಕ್ ಹತ್ತಿರ ತಪಾಸಣೆ ಮಾಡಿಸಿ.

ಕಾರು ಮನೆಗೆ ಬಂದ ದಿನ ನಿಂಬೆಹಣ್ಣು ಚಕ್ರದಡಿ ಇಟ್ಟು ಪೂಜೆ ಮಾಡ್ತೀರಿ. ಮಾಡಿ. ಆಮೇಲೆ ಎಲ್ಲರೂ ಕೂತ ಮೇಲೆ, ಕಾರು ಸ್ಟಾರ್ಟ್ ಮಾಡೋಕೆ ಮೊದಲು, ಹಿಂದೆ ತಿರುಗಿ ಒಂದು ಸಲ ಎಣಿಸಿ: ಒಂದು, ಎರಡು, ಮೂರು. ಮೂರು ಬೆಲ್ಟಿನ ಟಕ್ ಅನ್ನೋ ಸದ್ದು ಕೇಳಿದ ಮೇಲೆ ಕೀಲಿ ತಿರುಗಿಸಿ. ಅಷ್ಟು ಮಾಡಿದರೆ ನೀವು ಯಾವ ಕಂಪನಿಯ ಕಾರು ತಗೊಂಡ್ರಿ ಅನ್ನೋದು ನನಗೆ ದೊಡ್ಡ ಪ್ರಶ್ನೆ ಅಲ್ಲ.